ಮುಂಗುಸಿಯ ಹೊಟ್ಟೆಗೆ ಒಂದು ಹಿಡಿ ಜೋಳ

ಕೌದಿ ಆಯಿಯ ಮೂಗಿನ ಎರಡೂ ಬದಿಗೆ ಮೂಗುತಿಯ ತೂತುಗಳಿದ್ದವು. ಮೂಗುತಿ ಮಾತ್ರ ಒಂದೂ ಇರಲಿಲ್ಲ. ಆ ಬರಿ ಮೂಗಿಗೆ ಆಕೆ ಕೈಗೆ ಬಂದ ಪ್ರತಿಯೊಂದನ್ನೂ ಹಿಡಿದು ನೋಡುತ್ತಿದ್ದಳು. ಹಾಲು, ಎಣ್ಣೆಯಾದರೆ ಒಂದು ಅರ್ಥವಿತ್ತು. ನೂಲಿನ ಉಂಡೆ, ಬಸ್ಸಿನ ಟಿಕೀಟು, ಅಂಚೆಯವನು ತಂದ ಕಾಗದ, ನಾನು ಊರಿಂದ ತಂದು ಕೊಟ್ಟ ಶೇಂಗಾ ಹೋಳಿಗೆ, ಎಲ್ಲಕ್ಕೂ ಅದೇ ಮರ್ಯಾದೆ. ಮೂಸಿ ನೋಡಿ, ಎಡಗಣ್ಣು ಸಣ್ಣದು ಮಾಡಿ, ಆಮೇಲೆ ಕೊಟ್ಟವರ ಮುಖ ನೋಡುತ್ತಿದ್ದಳು. ಆ ನೋಟದ ಎದುರು ಏನೂ ತಪ್ಪು ಮಾಡದವರಿಗೂ ಏನೋ ಮಾಡಿದ್ದೇವೆ ಅನಿಸಿಬಿಡುತ್ತಿತ್ತು.

ನಾನು ಸಾಲಹಳ್ಳಿಯ ಪುರೋಹಿತರ ಮನೆಯ ಹುಡುಗಿ. ಮ್ಯಾಟ್ರಿಕ್ ಮುಗಿಸಿ, ಅಪ್ಪನ ಜೊತೆ ಆರು ತಿಂಗಳು ಜಗಳಾಡಿ, ಬೈಲಹೊಂಗಲದ ಹೆಣ್ಣುಮಕ್ಕಳ ಶಾಲೆಗೆ ಹಂಗಾಮಿ ಶಿಕ್ಷಕಿಯಾಗಿ ಬಂದಿದ್ದೆ. ನಾನು ಹಿಡಿದ ಬಾಡಿಗೆಯ ಕೋಣೆಗೂ ಆಯಿಯ ಮನೆಗೂ ನಡುವೆ ಒಂದೇ ಗೋಡೆ, ಅದೂ ಮಾಡಿನ ತನಕ ಮುಟ್ಟದ ಗೋಡೆ. ನಾನು ಬರುವ ತನಕ ಆ ಕೋಣೆಯಲ್ಲಿ ಆಯಿ ತನ್ನ ಹಳೆ ಬಟ್ಟೆಯ ಗಂಟುಗಳನ್ನು ಇಟ್ಟುಕೊಳ್ಳುತ್ತಿದ್ದಳಂತೆ. ನನಗಾಗಿ ಮನೆಯ ಮಾಲಕರು ಗಂಟುಗಳನ್ನು ಹೊರಗೆ ಹಾಕಿಸಿದ್ದರು. ಹಾಗಾಗಿ ಆಕೆಗೆ ನನ್ನನ್ನು ಕಂಡರೆ ಆಗದು ಎಂದು ನಾನು ಮೊದಲ ದಿನವೇ ತೀರ್ಮಾನಿಸಿದ್ದೆ.

ಆ ದಿನ ಸಂಜೆಯೇ ಗೋಡೆಯಾಚೆಯಿಂದ ವಿಚಾರಣೆ ಶುರುವಾಯಿತು.

"ಬಾಯಾರ, ಒಬ್ಬಾಕೀನ ಇರತೀರೇನ್ರಿ?"

"ಹೌದ್ರಿ."

"ಮನ್ಯಾಗ ಗಂಡಸರು ಇಲ್ಲೇನ?"

"ಅಪ್ಪ ಇದ್ದಾರ್ರಿ, ಊರಾಗ."

"ಇದ್ದವರು ಯಾಕ ಬಂದು ಬಿಟ್ಟು ಹೋಗಲಿಲ್ಲ? ಬಸ್ಸಿನ್ಯಾಗ ಒಬ್ಬಾಕೀನ ಬಂದ್ರೇನ? ಬಾಜೂಕ ಯಾರ ಕುಂತಿದ್ರು?"

ಬಾಜೂಕ ಕುಂತವರು ಬಾಳೆಹಣ್ಣಿನ ಬುಟ್ಟಿಯ ಮುದುಕಿ ಎಂಬಲ್ಲಿಗೆ ಆಕೆಗೆ ಸಮಾಧಾನವಾಯಿತು. ನನಗಾಗಲಿಲ್ಲ. ಯಾರಪ್ಪಾ ಇವಳು, ನನ್ನ ಕುಲ ಕೆದಕಲಿಕ್ಕೆ ಹುಟ್ಟಿದವಳು ಎಂದು ಸಿಟ್ಟಿನಿಂದ ಮಲಗಿದೆ. ಮರುದಿನ ಮತ್ತೆ ಪ್ರಶ್ನೆ. ಅದರ ಮರುದಿನ ಮತ್ತೆ. ಏನು ತಿಂದಿರಿ, ಯಾರು ಬಂದಿದ್ದರು, ಆ ಕೆಮ್ಮು ಎಷ್ಟು ದಿನದ್ದು.

ಆಕೆ ಮನೋಳಿಯ ಕಡೆಯವಳು. ಗಂಡ ತೀರಿ ಎಷ್ಟೋ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹಳೆಯ ಸೀರೆ, ಧೋತರ, ಕುಪ್ಪಸದ ಚೂರುಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುವುದೇ ಜೀವನ. ನೇಸರಗಿಯಿಂದಲೂ ಜನ ಬಟ್ಟೆಯ ಗಂಟು ಹೊತ್ತು ತರುತ್ತಿದ್ದರು. ಒಂದೊಂದು ಚೂರನ್ನೂ ಬಿಸಿಲಿಗೆ ಹಿಡಿದು, ನಾಲ್ಕೂ ಕಡೆ ಜಗ್ಗಿ, ಹಲ್ಲಿನಿಂದ ನೂಲು ಕಚ್ಚಿ, ಅರ್ಧದಷ್ಟನ್ನು ತಂದವರ ಕಡೆಗೇ ತಳ್ಳುತ್ತಿದ್ದಳು. ಆಕೆಯ ಬಳಿ ಏಳು ಸೂಜಿಗಳಿದ್ದವು. ಕೆಲಸ ಶುರುವಾಗುವಾಗ ಏಳು, ಮುಗಿಯುವಾಗ ಏಳು. ಕಡಿಮೆಯಾದರೆ ಅಲ್ಲಿ ಕುಳಿತವರು ಯಾರೂ ಏಳುವಂತಿಲ್ಲ. ಒಮ್ಮೆ ಕೌದಿ ಒಯ್ಯಲು ಬಂದ ಗೌಡರ ಮನೆಯ ಸೊಸೆಯನ್ನೇ ಮಧ್ಯಾಹ್ನದ ತನಕ ಕೂಡಿಸಿದ್ದಳು. ಕೊನೆಗೆ ಸೂಜಿ ಸಿಕ್ಕಿದ್ದು ಆಯಿಯ ತುರುಬಿನಲ್ಲಿ! ಅಂದಿನಿಂದ ಆಕೆ ದಿನವೂ ಕೆಲಸ ಮುಗಿದ ಮೇಲೆ ತನ್ನ ತುರುಬನ್ನೂ ಬಿಚ್ಚಿ ಕೊಡವುತ್ತಿದ್ದಳು. ಸಂಶಯದಲ್ಲಿ ಆಕೆ ತನಗೂ ರಿಯಾಯಿತಿ ಕೊಟ್ಟವಳಲ್ಲ.

ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಐದು ಕಾಳು ಜೋಳ ಒಳಗೆ ಹಾಕಿ ಹೊಲಿಯುವುದು ಆಕೆಯ ಪದ್ಧತಿ. ಕೌದಿಯ ಹೊಟ್ಟೆ ಬರಿದಿದ್ದರೆ ಹೊದ್ದವರ ಹೊಟ್ಟೆಯೂ ಬರಿದಾಗುತ್ತದಂತೆ. ನಾನು ನಕ್ಕಿದ್ದೆ. ಇಷ್ಟೆಲ್ಲ ಸಂಶಯ ಪಡುವವಳು ಇದೊಂದನ್ನು ಮಾತ್ರ ಕಣ್ಣುಮುಚ್ಚಿ ಮಾಡುತ್ತಾಳಲ್ಲ ಎಂದು.

ಆಕೆಯ ಅಂಗಳಕ್ಕೆ ನಾನು ಹೋಗುವಂತಾದದ್ದು ನನ್ನದೇ ಅಗತ್ಯದಿಂದ. ವಿಜ್ಞಾನದಲ್ಲಿ ಒಳ್ಳೆಯ ಅಂಕ ಪಡೆದ ನನಗೆ ಶಾಲೆಯಲ್ಲಿ ಸಿಕ್ಕಿದ್ದು ಹೊಲಿಗೆಯ ವರ್ಗ, ಹೆಣ್ಣು ಎಂಬ ಒಂದೇ ಅರ್ಹತೆಯ ಮೇಲೆ. ನನಗೋ ನೆಟ್ಟಗೆ ಒಂದು ಗುಂಡಿ ಹಚ್ಚಲೂ ಬರುತ್ತಿರಲಿಲ್ಲ. ನಾಳೆ ಹುಡುಗಿಯರಿಗೆ ಕಲಿಸಬೇಕಾದ್ದನ್ನು ಇಂದು ಸಂಜೆ ಆಯಿಯಿಂದ ಕಲಿಯುತ್ತಿದ್ದೆ. "ಕಲಸಾಕ ಬಂದಾರ, ಕಲೀಲಾರದ" ಎಂದು ಆಕೆ ಗೊಣಗುತ್ತಿದ್ದಳು. ನನ್ನ ಹೊಲಿಗೆಯನ್ನು ಉಗುರಿನಿಂದ ಎಬ್ಬಿಸಿ ನೋಡಿ, ಬಿಚ್ಚಿ, ಮತ್ತೆ ಕೈಗೆ ಕೊಡುತ್ತಿದ್ದಳು.

ವಿಜ್ಞಾನ ಕಲಿಸುವ ಮಾಸ್ತರು ಆ ವರ್ಷ ನಿವೃತ್ತರಾಗುವವರಿದ್ದರು. ಆ ವರ್ಗ ನನಗೆ ಕೊಡಿ ಎಂದು ಹೆಡ್ ಮಾಸ್ತರರನ್ನು ಕೇಳಿದೆ. ಅವರು ಟೊಪ್ಪಿಗೆ ಸರಿಮಾಡಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಬಾಯಾರ, ವಿಜ್ಞಾನ ಅಂದ್ರ ಕಸೂತಿ ಅಲ್ರಿ. ಫೆಬ್ರುವರಿಯೊಳಗ ಸವದತ್ತಿಯಾಗ ಶಾಲೆಗಳ ಪ್ರದರ್ಶನ ಅದ. ಏನರೆ ಮಾಡಿ ತೋರಸ್ರಿ. ಶಿಕ್ಷಣ ಖಾತೆ ಸಾಹೇಬರು ಒಪ್ಪಿದ್ರ ಜೂನಿನಿಂದ ವರ್ಗ ನಿಮ್ಮದು. ಇಲ್ಲಂದ್ರ ಪರೀಕ್ಷಾ ಆದ ಮ್ಯಾಲೆ ನಿಮ್ಮ ಹಂಗಾಮಿ ಮುಗೀತದ. ನಿಮಗೂ ಗೊತ್ತದ."

ಹಂಗಾಮಿ ಮುಗಿದರೆ ಸಾಲಹಳ್ಳಿ. ಸಾಲಹಳ್ಳಿಗೆ ಹೋದರೆ ಅಪ್ಪ ನೋಡಿಟ್ಟ ವರ. ನನ್ನ ಇಡೀ ಬದುಕು ಆ ಒಂದು ಪ್ರದರ್ಶನಕ್ಕೆ ನೇತುಬಿದ್ದಿತು.

ರಷ್ಯಾದವರು ಒಂದು ನಾಯಿಯನ್ನು ಆಕಾಶಕ್ಕೆ ಕಳಿಸಿದ ಸುದ್ದಿ ಬಂದದ್ದು ಆಗಲೇ. ವಾಚನಾಲಯದಲ್ಲಿ ಪತ್ರಿಕೆ ಓದಿ ಓಡೋಡಿ ಬಂದು ಆಯಿಗೆ ಹೇಳಿದೆ. ಆಕೆ ಕೈಯ ಸೂಜಿ ನಿಲ್ಲಿಸದೆ ಕೇಳಿದಳು.

"ಇಳಸೂದು ಹ್ಯಾಂಗಂತ?"

"ಅದನ್ನೇನು ಬರದಿಲ್ಲ. ಅಷ್ಟು ದೊಡ್ಡ ಶಾಸ್ತ್ರಜ್ಞರು, ಏನರೆ ವ್ಯವಸ್ಥಾ ಮಾಡಿರತಾರ."

"ಬರದಿಲ್ಲ ಅಂದ್ರ ಮಾಡಿಲ್ಲ."

ನನಗೆ ಸಿಟ್ಟು ಬಂತು. ಮನುಷ್ಯಕುಲದ ಇಷ್ಟು ದೊಡ್ಡ ಸಾಹಸವನ್ನೂ ಈಕೆ ಮೂಗಿಗೆ ಹಿಡಿದು ನೋಡಬೇಕೇ? ಕೆಲವೇ ದಿನಗಳಲ್ಲಿ ಇನ್ನೊಂದು ಸುದ್ದಿ ಓದಿದೆ. ನಾಯಿಯನ್ನು ಇಳಿಸುವ ಏರ್ಪಾಡು ಇರಲೇ ಇಲ್ಲ. ಅದನ್ನು ಆಯಿಗೆ ಹೇಳಬೇಕೋ ಬೇಡವೋ ಎಂದು ಎರಡು ದಿನ ಕಳೆದೆ. ಹೇಳಿದಾಗ ಆಕೆ ಗೆದ್ದವಳ ಹಾಗೆ ಮಾಡಲಿಲ್ಲ. ಹೊಲಿಗೆ ಬದಿಗಿಟ್ಟು, ಸೂಜಿಗಳನ್ನೂ ಎಣಿಸದೆ ಒಳಗೆ ಹೋದಳು.

ಪ್ರದರ್ಶನದ ವಿಚಾರ ನನಗೆ ಹೊಳೆದದ್ದು ಅದೇ ವಾರ. ಇಂದು ನಾಯಿ, ನಾಳೆ ಮನುಷ್ಯ ಹೋಗುತ್ತಾನೆ. ಪಟ್ಟಿಗಳಿಂದ ಬಿಗಿದು ಕೂಡಿಸಿದವನಿಗೆ ತನ್ನ ಆಕಾಶದ ಹಡಗಿನೊಳಗೆ ತೂಕ ಇಲ್ಲದಾಯಿತು ಎಂದು ತಿಳಿಯುವುದು ಹೇಗೆ? ಕಣ್ಣೆದುರು ಒಂದು ಸಣ್ಣ ಗೊಂಬೆ ಕಟ್ಟಿರಬೇಕು. ಅದು ತೇಲಿತೆಂದರೆ ತೂಕ ಹೋಯಿತೆಂದು ಅರ್ಥ. ಬಡಿದರೂ ಗಾಯವಾಗದಂತೆ ಬಟ್ಟೆಯ ಗೊಂಬೆ. ಇದನ್ನು ಭೂಮಿಯ ಮೇಲೆ ತೋರಿಸುವ ಉಪಾಯವನ್ನೂ ಒಂದು ಪುಸ್ತಕದಲ್ಲಿ ಓದಿದ್ದೆ. ಎಣ್ಣೆಯ ಖಾಲಿ ಡಬ್ಬಿಯ ಒಂದು ಮೈ ಕತ್ತರಿಸಿ, ಒಳಗೆ ಸೈಕಲ್ ಟ್ಯೂಬಿನ ತೆಳು ಪಟ್ಟಿಯಿಂದ ಗೊಂಬೆ ತೂಗುಬಿಟ್ಟು, ಡಬ್ಬಿಯನ್ನು ಎತ್ತರದಿಂದ ಬಿಟ್ಟರೆ, ಬೀಳುವಷ್ಟು ಹೊತ್ತು ಒಳಗಿನ ಗೊಂಬೆಗೆ ತೂಕವಿರುವುದಿಲ್ಲ.

"ಆಯಿ, ಆಕಾಶಕ್ಕ ಹೋಗೂವಂಥಾ ಗೊಂಬಿ ಹೊಲದು ಕೊಡ್ರಿ" ಎಂದೆ.

"ಯಾರ ಜೋಡಿ ಹೋಗತೈತಿ?"

"ಮನುಷ್ಯಾನ ಜೋಡಿ."

"ಆ ಮನುಷ್ಯಾ ಹೊಳ್ಳಿ ಬರತಾನೇನ?"

"ಬರತಾನ. ಬರದಿದ್ರ ಕಳಸೂದಿಲ್ಲ."

ಆಕೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಒಪ್ಪಿದಳು. ಒಪ್ಪಿದ ಮೇಲೆ ಹತ್ತು ದಿನ ನನ್ನ ಜೀವ ಹಿಂಡಿದಳು.

ಹುಡುಗಿಯರು ಮೊಲ ಬೇಕೆಂದಿದ್ದರು. ಮೊಲ ಬೇಡ, ಅದು ಸುಮ್ಮನೆ ಹೆದರುತ್ತದೆ, ನೋಡುವುದಿಲ್ಲ ಎಂದಳು. ನಾಯಿಯ ಮಾತನ್ನು ಎತ್ತಲಿಕ್ಕೇ ಬಿಡಲಿಲ್ಲ. "ಮುಂಗಸಿ ಮಾಡೂಣು. ಅದು ಎಲ್ಲಾ ಮೂಸಿ ನೋಡತೈತಿ, ಯಾರನ್ನೂ ನಂಬೂದಿಲ್ಲ. ಅಂಥಾ ಹಡಗಿನ್ಯಾಗ ಅಂಥಾದ್ದೊಂದು ಇರಬೇಕು." ನಾನು ನಗು ತಡೆದುಕೊಂಡೆ. ಕಣ್ಣಿಗೆ ಗುಲಗಂಜಿ ಹಚ್ಚೋಣವೆಂದು ತಂದರೆ ಕೈಯಿಂದ ಕಸಿದು ಬಿಸಾಡಿದಳು. ಉದುರಿದರೆ ತೇಲುತ್ತ ಹೋಗಿ ಆ ಮನುಷ್ಯನ ಗಂಟಲಿಗೆ ಸಿಕ್ಕೀತು. ಕಣ್ಣನ್ನು ಕರಿ ದಾರದಲ್ಲೇ ಹೊಲಿದಳು. ಕಂಬಳಿಯ ಮೈ ಬೇಡ, ಕೂದಲು ಉದುರುತ್ತದೆ. ಅರಳೆ ತುಂಬುವುದು ಬೇಡ, ಹೊಲಿಗೆ ಬಿಟ್ಟರೆ ಹಡಗೆಲ್ಲ ಅರಳೆ. ನೂರಾರು ಸಲ ಒಗೆದು ಎಳೆ ಬಿಡದಂತಾದ ಹಳೆಯ ಧೋತರವನ್ನು ಚಹಾದ ನೀರಿನಲ್ಲಿ ಅದ್ದಿ ಕಂದು ಮಾಡಿ ಮೈ ಹೊಲಿದಳು. ಹೊಟ್ಟೆಗೆ ಹಳೆ ಖಣದ ಒಂದು ಚೂರು. ಬೆನ್ನ ಮೇಲೆ ಮೂರೆಳೆಯ ಗಟ್ಟಿ ಕುಣಿಕೆ. "ಇದನ್ನ ಕಟ್ಟೇ ಇರಬೇಕು. ಹೋದವರ ಜೋಡಿ ಹೊಳ್ಳಿ ಬರಬೇಕು" ಎಂದಳು. ಆ ಹತ್ತು ದಿನದಲ್ಲಿ ಆಕಾಶದ ಹಡಗಿನೊಳಗೆ ಏನೇನು ಕೆಡಬಹುದು ಎಂದು ಆಕೆ ಯೋಚಿಸಿದಷ್ಟು ನಾನು ಯೋಚಿಸಿರಲಿಲ್ಲ. ನಾನು ನನ್ನ ನೌಕರಿಯನ್ನು ಯೋಚಿಸುತ್ತಿದ್ದೆ.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟಾಗಿ ಹೇಳಿದೆ. "ಆಯಿ, ಇದಕ್ಕ ಜೋಳದ ಕಾಳು ಹಾಕಬ್ಯಾಡ್ರಿ. ಇದು ತೂಕ ಇಲ್ಲದ್ದನ್ನ ತೋರಸೂ ಗೊಂಬಿ. ಹಗೂರ ಇರಬೇಕು." ಆಕೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ನನ್ನ ಕೋಣೆಗೆ ಇಲಿ ಬರುತ್ತವೆ ಎಂದು ಗೊಂಬೆ ಮತ್ತು ಡಬ್ಬಿಯನ್ನು ತಾನೇ ಇಟ್ಟುಕೊಂಡಳು. ಬಸ್ಸಿನವರು ಒಗೆದಾಡುತ್ತಾರೆ ಎಂದು ಸವದತ್ತಿಗೂ ತಾನೇ ಹೊರಟಳು. ದಾರಿಯುದ್ದಕ್ಕೂ ಡಬ್ಬಿ ಆಕೆಯ ತೊಡೆಯ ಮೇಲೆ, ಕಣ್ಣು ಕಂಡಕ್ಟರನ ಮೇಲೆ.

ಸವದತ್ತಿಯ ಶಾಲೆಯ ಹಿತ್ತಲಲ್ಲಿ ಗಂಟು ಬಿಚ್ಚಿ ಮುಂಗುಸಿಯನ್ನು ಕೈಗೆತ್ತಿಕೊಂಡೆ. ಭಾರವಾಗಿತ್ತು. ಹೊಟ್ಟೆ ಒತ್ತಿದರೆ ಒಳಗೆ ಕಾಳು ಸರಿದಾಡಿದವು.

"ಏನ್ ಮಾಡೀರಿ ಇದಕ್ಕ?"

"ಜ್ವಾಳ ಹಾಕೇನಿ."

"ಐದು ಕಾಳಿನ ತೂಕ ಅಲ್ಲ ಇದು."

"ಹಿಡಿ ತುಂಬ ಹಾಕೇನಿ."

ಆಗ ನನ್ನ ಬಾಯಿಂದ ಬಂದ ಮಾತು ಇಂದಿಗೂ ನನ್ನನ್ನು ಸುಡುತ್ತದೆ. "ನನ್ನ ನೌಕರಿ ಹೋಗಬೇಕಂತ ಮಾಡೀರೇನು? ನಾ ಹೋದ್ರ ಆ ಕೋಣಿ ನಿಮಗ ಸಿಗತದಂತ?"

ನಾನು ಚೀಲದಿಂದ ಕತ್ತರಿ ತೆಗೆದು ಗೊಂಬೆಯ ಹೊಟ್ಟೆಗೆ ಹಚ್ಚಿದೆ. ಆಕೆ ನನ್ನ ಮಣಿಕಟ್ಟು ಹಿಡಿದಳು. ಅದು ದಿನಕ್ಕೆ ಸಾವಿರ ಸಲ ಸೂಜಿ ಚುಚ್ಚಿದ ಕೈ, ಕೊಸರಿದರೂ ಬಿಡಲಿಲ್ಲ.

"ನೀ ಒಮ್ಮಿಯರ ಕೆಡವಿ ನೋಡೀಯೇನ?"

ಬಾಯಾರ ಹೋಗಿ ನೀ ಆಗಿತ್ತು. ನಾನು ಓದಿದ್ದೆ, ಚಿತ್ರ ಬರೆದಿದ್ದೆ, ಹೆಡ್ ಮಾಸ್ತರರಿಗೆ ವಿವರಿಸಿದ್ದೆ. ಡಬ್ಬಿಯನ್ನು ಒಮ್ಮೆಯೂ ಬಿಟ್ಟು ನೋಡಿರಲಿಲ್ಲ. ಅಷ್ಟು ದೊಡ್ಡ ಪುಸ್ತಕದಲ್ಲಿ ಬರೆದದ್ದು ಸುಳ್ಳಾದೀತೇ ಎಂದು ನಂಬಿದ್ದೆ.

"ನಾ ಕೆಡವೇನಿ. ನೀ ಸಾಲಿಗೆ ಹೋದಾಗ ದಿನಾ ಮಾಳಗಿ ಹತ್ತಿ, ಕೆಳಗ ಕೌದಿ ಒಟ್ಟಿ, ಡಬ್ಬಿ ಕೆಡವೇನಿ. ಬಾಜೂ ಮನಿಯಾಕೀನ ಕೆಳಗ ನಿಂದರಿಸಿ ನೋಡಂದೇನಿ. ಹಗೂರ ಗೊಂಬಿ ಇದ್ದಾಗ ಏನೂ ಕಾಣಲಿಲ್ಲಂತ. ರಬ್ಬರ ಜಗ್ಗೇ ಇಲ್ಲ, ಮ್ಯಾಲೆ ಏನ ಹೋಗತೈತಿ? ಐದ ಕಾಳ ಹಾಕಿದೆ, ಕಾಣಲಿಲ್ಲ. ಹಿಡಿ ಹಾಕಿದೆ, ಮುಂಗಸಿ ಟಣ್ಣಂತ ಮ್ಯಾಲೆ ಜಿಗೀತಂತ. ಇದ್ದದ್ದ ಹೋದ್ರ ಗೊತ್ತಾಗತೈತಿ. ಇಲ್ಲದ್ದ ಹೋದ್ರ ಯಾರಿಗೆ ಗೊತ್ತು?"

ಆಮೇಲೆ ತಾನೇ ಮೆಟ್ಟಿಲು ಹತ್ತಿ ಮೇಲಿನ ಪಡಸಾಲೆಯಿಂದ ಡಬ್ಬಿಯನ್ನು ಬಿಟ್ಟಳು. ಕೆಳಗೆ ಹುಲ್ಲಿನ ರಾಶಿಯ ಬಳಿ ನಿಂತ ನನಗೆ ಸ್ಪಷ್ಟವಾಗಿ ಕಂಡಿತು. ರಬ್ಬರನ್ನು ಜಗ್ಗಿಕೊಂಡು ಜೋತುಬಿದ್ದಿದ್ದ ಮುಂಗುಸಿ ಡಬ್ಬಿ ಬೀಳತೊಡಗಿದ ಕೂಡಲೇ ಮೇಲಕ್ಕೆ ಜಿಗಿದು, ಡಬ್ಬಿಯ ನೆತ್ತಿಗೆ ಮೂಗು ತಾಗಿಸಿ, ನೆಲ ಮುಟ್ಟುವ ತನಕ ಅಲ್ಲೇ ಇತ್ತು. ನಾನು ಓದಿ ತಿಳಿದದ್ದು ಮೊದಲ ಸಲ ನನ್ನ ಕಣ್ಣೆದುರು ನಡೆಯಿತು. ಸಂತೋಷವೂ ನಾಚಿಕೆಯೂ ಒಟ್ಟಿಗೇ ಆದವು.

ಪ್ರದರ್ಶನದಲ್ಲಿ ಸಾಹೇಬರು ಒಮ್ಮೆಗೇ ನಂಬಲಿಲ್ಲ. ಒಳಗೆ ದಾರ ಏನಾದರೂ ಇದೆಯೇ, ಮೇಲಿಂದ ಯಾರಾದರೂ ಜಗ್ಗುತ್ತಿದ್ದಾರೆಯೇ ಎಂದು ಡಬ್ಬಿಯನ್ನು ತಿರುವಿ ತಿರುವಿ ನೋಡಿದರು. ಆಯಿಗೆ ಬಹಳ ಖುಷಿಯಾಯಿತು. ಜನರ ನಡುವಿನಿಂದ ಮುಂದೆ ಬಂದು, "ನೋಡ್ರಿ ಸಾಹೇಬ್ರ, ಚಂದಂಗ ನೋಡ್ರಿ. ನೋಡಲಾರದ ಒಪ್ಪಬ್ಯಾಡ್ರಿ" ಎಂದಳು. ಅವರು ತಾವೇ ಮೂರು ಸಲ ಬಿಟ್ಟು ನೋಡಿ ಒಪ್ಪಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು.

"ಗೊಂಬಿಗೆ ಇಷ್ಟ ತೂಕ ಇರಬೇಕು ಅನ್ನೂದು ಹ್ಯಾಂಗ ಗೊತ್ತಾತ್ರಿ?"

ಪಕ್ಕದಲ್ಲಿ ಹೆಡ್ ಮಾಸ್ತರು ನಿಂತಿದ್ದರು. ಎರಡು ಮಾರಿನಾಚೆ ಆಯಿ ನಿಂತಿದ್ದಳು.

"ಲೆಕ್ಕಾ ಹಾಕಿದೆ ಸರ್" ಎಂದೆ.

ಪ್ರಶಸ್ತಿಪತ್ರ ಸಿಕ್ಕಿತು. ಜೂನಿನಿಂದ ವಿಜ್ಞಾನದ ವರ್ಗ ನಿಮ್ಮದು ಎಂದು ಹೆಡ್ ಮಾಸ್ತರು ಅಲ್ಲಿಯೇ ಹೇಳಿದರು. ಹಿಂದಿರುಗುವ ಬಸ್ಸಿನಲ್ಲಿ ಆಯಿ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು. ಅರ್ಧ ದಾರಿಯಾದ ಮೇಲೆ, ನನ್ನ ಕಡೆ ನೋಡದೆಯೇ ಹೇಳಿದಳು.

"ಕಂಡಕ್ಟರನ ಮ್ಯಾಲೆ ಸಂಶೆ ಪಟ್ಟೆ. ಸಾಹೇಬನ ಮ್ಯಾಲೆ ಪಟ್ಟೆ. ನಿನ್ನ ಮ್ಯಾಲೆ ಪಡಲಿಲ್ಲ."

ಅಷ್ಟೇ. ಬೈದಿದ್ದರೆ ನಾನು ಅತ್ತು, ತಪ್ಪಾಯಿತು ಎಂದು ಕೈಹಿಡಿಯುತ್ತಿದ್ದೆ. ಆಕೆ ಅದಕ್ಕೆ ಅವಕಾಶ ಕೊಡಲಿಲ್ಲ. ಮುಂದಿನ ಎರಡು ತಿಂಗಳು ಸಂಜೆಯ ಹೊಲಿಗೆ ಪಾಠ ಎಂದಿನಂತೆ ನಡೆಯಿತು. ನನ್ನ ತಪ್ಪು ಹೊಲಿಗೆಯನ್ನು ಬಿಚ್ಚಿ ಕೈಗೆ ಕೊಡುತ್ತಿದ್ದಳು. ಆದರೆ ಗೋಡೆಯಾಚೆಯ ಪ್ರಶ್ನೆಗಳು ನಿಂತುಹೋದವು. ಏನು ತಿಂದೆ, ಯಾರು ಬಂದಿದ್ದರು, ಇಷ್ಟೊತ್ತು ಯಾಕಾಯಿತು, ಒಂದೂ ಇಲ್ಲ. ನಾನು ಬೇಕೆಂದೇ ತಡಮಾಡಿ ಬಂದು ಬಾಗಿಲಿನ ಚಿಲಕವನ್ನು ಜೋರಾಗಿ ಸಪ್ಪಳ ಮಾಡಿದರೂ ಗೋಡೆ ಮಾತಾಡಲಿಲ್ಲ. ಆಕೆ ಯಾರನ್ನು ವಿಚಾರಿಸುತ್ತಿದ್ದಳೋ ಅವರು ಆಕೆಗೆ ಬೇಕಾದವರು ಎಂಬುದು ನನಗೆ ಆಗ ತಿಳಿಯಿತು. ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಆಕೆಯ ಅಂಗಳದ ತನಕ ಹೋಗಿ, ಕೈಯಲ್ಲಿದ್ದ ಹೊಲಿಗೆ ತೋರಿಸಿ, ಹಿಂದೆ ಬಂದೆ. ಜೂನಿನಲ್ಲಿ ವರ್ಗ ಶುರುವಾಗಲಿ, ಆಗ ಹೇಳೋಣವೆಂದು ನನಗೆ ನಾನೇ ವಾಯಿದೆ ಕೊಟ್ಟುಕೊಂಡೆ.

ಬೇಸಿಗೆಯ ಸೂಟಿಗೆ ಊರಿಗೆ ಹೋದೆ. ತಿರುಗಿ ಬಂದಾಗ ಆಯಿಯ ಬಾಗಿಲಿಗೆ ಬೀಗವಿತ್ತು. ಮೇ ತಿಂಗಳಲ್ಲಿ ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟಳಂತೆ. ಡಾಕ್ಟರು ಕೊಟ್ಟ ಔಷಧವನ್ನು ಕೊನೆಯ ತನಕ ನಂಬಲಿಲ್ಲವಂತೆ. ಬಾಜೂ ಮನೆಯಾಕೆ ಹೇಳುತ್ತ ಅತ್ತಳು. ನನಗೆ ಅಳಲೂ ಆಗಲಿಲ್ಲ. ಯಾರ ಮುಂದೆ ಅಳಬೇಕಿತ್ತೋ ಆಕೆಯೇ ಇರಲಿಲ್ಲ.

ಜೂನಿನಲ್ಲಿ ವಿಜ್ಞಾನದ ಮೊದಲ ವರ್ಗ. ಮುಂಗುಸಿಯ ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಹುಡುಗಿಯರನ್ನು ಹೊರಗೆ ಕರೆದುಕೊಂಡು ಹೋಗಿ, ಕಟ್ಟಡದ ಮೇಲಿಂದ ಒಬ್ಬೊಬ್ಬಳ ಕೈಯಿಂದಲೂ ಕೆಡವಿಸಿದೆ. ಒಳಗೆ ಬಂದು ಕುಳಿತ ಮೇಲೆ ಹೇಳಿದೆ: ಈ ಗೊಂಬೆಯ ತೂಕವನ್ನು ನಾನು ಲೆಕ್ಕ ಹಾಕಿದ್ದಲ್ಲ. ನಾನು ತಪ್ಪು ತಿಳಿದಿದ್ದೆ. ಮತ್ತೆ ಮತ್ತೆ ಕೆಡವಿ ನೋಡಿ ಕಂಡುಹಿಡಿದವಳು ಕೌದಿ ಹೊಲಿಯುವ ಆಯಿ. ಸವದತ್ತಿಯಲ್ಲಿ ನಾನು ಸುಳ್ಳು ಹೇಳಿ ಆಕೆಯದನ್ನು ನನ್ನದೆಂದೆ.

ಬಾಗಿಲಲ್ಲಿ ಹೆಡ್ ಮಾಸ್ತರು ನಿಂತಿದ್ದನ್ನು ನೋಡಿಯೇ ಹೇಳಿದೆ. ನೋಡದೆ ಹೇಳಿದ್ದರೆ ಅದು ಹೇಳಿದಂತೆ ಆಗುತ್ತಿರಲಿಲ್ಲ.

"ಹಂಗಾರ ಸಾಹೇಬ್ರ ಮುಂದ ಸುಳ್ಳ ಹೇಳಿದ್ರೇನು?"

"ಹೌದ್ರಿ ಸರ್."

ಅವರು ಟೊಪ್ಪಿಗೆ ತೆಗೆದು, ಮತ್ತೆ ಹಾಕಿಕೊಂಡರು. "ವರ್ಗ ಮುಗಸ್ರಿ" ಎಂದು ಹೊರಟುಹೋದರು. ಕೆಲಸದಿಂದ ತೆಗೆದ ಆದೇಶ ಬರುತ್ತದೆಂದು ಹದಿನೈದು ದಿನ ದಾರಿ ಕಾದೆ. ಬರಲಿಲ್ಲ. ಆದರೆ ಆಫೀಸಿನ ಗೋಡೆಯ ಮೇಲಿದ್ದ ಪ್ರಶಸ್ತಿಪತ್ರ ಒಂದು ದಿನ ಕಾಣದಾಯಿತು.

ಆಮೇಲೆ ಎಷ್ಟೋ ವರ್ಷ ವಿಜ್ಞಾನ ಕಲಿಸಿದೆ. ಪ್ರತಿ ಜೂನಿನಲ್ಲೂ ಹೊಸ ಹುಡುಗಿಯರಿಗೆ ಇದನ್ನು ಹೇಳಿದೆ. ಆಯಿಗೆ ಮಾತ್ರ ಹೇಳಲಿಲ್ಲ. ಆಕೆ ಬದುಕಿದ್ದು, ನಾನು ಹೀಗೆ ಒಪ್ಪಿಕೊಂಡೆ ಎಂದು ಬೇರೆ ಯಾರಾದರೂ ಹೋಗಿ ಹೇಳಿದ್ದರೆ ಆಕೆ ನಂಬುತ್ತಿರಲಿಲ್ಲ. ಕೈಯ ಕೆಲಸ ಬಿಟ್ಟು, ತಾನೇ ಶಾಲೆಯ ತನಕ ನಡೆದು ಬಂದು, ಬಾಗಿಲಲ್ಲಿ ನಿಂತು, ಇನ್ನೊಮ್ಮೆ ಹೇಳು ಅನ್ನುತ್ತಿದ್ದಳು. ಆಕೆ ಎಷ್ಟು ಸಲ ಕೇಳಿದರೂ ನಾನು ಹೇಳುತ್ತಿದ್ದೆ.